ಮಲಗಿದ ಸೇಬಿನ ಗಿಡ

ಗುಡೇಕೋಟೆಯ ಅಂಜಿನಕ್ಕ ಹಗರಿಬೊಮ್ಮನಹಳ್ಳಿಯ ನರ್ಸರಿಗೆ ಹೋದದ್ದು ನಿಂಬೆ ಗಿಡ ತರಲೆಂದು. ಅಲ್ಲಿ ಸೇಬಿನ ಸಸಿಗಳನ್ನು ಕಂಡು ನಿಂತೇಬಿಟ್ಟಳು.

"ನಮ್ಮ ಬಿಸಲಿಗೆ ಇವು ಬದುಕ್ತಾವೇನ್ರಿ?"

"ಎಲ್ಲಾ ಬದುಕಂಗಿಲ್ಲಮ್ಮ. ಆ ಕಡೆವು ಚಳಿ ಸೀಮಿವು, ಬ್ಯಾಡ. ಇದು ಬಿಸಲು ತಡಕಂತೈತಿ. ಇದರ ಜಾತಿ ಹೆಸರು ಅಣ್ಣಾ ಅಂತ," ಎಂದ ನರ್ಸರಿಯ ಗಂಗಪ್ಪ.

ಅಂಜಿನಕ್ಕನಿಗೆ ಒಡಹುಟ್ಟಿದವರಿರಲಿಲ್ಲ. ಪಂಚಮಿ ಬಂದರೆ ಓಣಿಯ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಲು ಅಣ್ಣತಮ್ಮಂದಿರು ಬರುತ್ತಿದ್ದರು. ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅದನ್ನ ಕೊಡ್ರಿ," ಎಂದಳು.

ಬಸ್ಸಿನಲ್ಲಿ ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿ ಹೊಡೆಯದಂತೆ ಸೆರಗು ಮುಚ್ಚಿ ತಂದಳು.

ಹಿತ್ತಲಿನ ಕೆಂಪು ಮಣ್ಣಿಗೆ ಕುರಿಗೊಬ್ಬರ ಬೆರೆಸಿ ನೆಟ್ಟಳು. ಗಿಡ ಅವಳ ತಲೆ ಮೀರಿ ಬೆಳೆಯಿತು. ಮೂರನೆಯ ವರ್ಷವೂ ಹೂ ಮಾತ್ರ ಬಿಡಲಿಲ್ಲ. ಫೋನ್ ಮಾಡಿದಾಗ ಗಂಗಪ್ಪ ಹೇಳಿದ:

"ಅದಕ್ಕ ನಿದ್ದಿ ಬೇಕಮ್ಮ. ಚಳಿ ಬಿದ್ರ ತಾನ ಎಲಿ ಉದುರಿಸಿ ಮಲಗ್ತೈತಿ. ಇಲ್ಲಿ ಚಳಿ ಸಾಲಂಗಿಲ್ಲ. ಡಿಸೆಂಬರಿನಾಗ ನೀರು ಕಡಿಮಿ ಮಾಡಿ ನೀವ ಎಲಿ ಬಿಡಿಸ್ರಿ."

ಹಸಿರೆಲೆ ಕೀಳಲು ಅವಳಿಗೆ ಕೈ ಬರಲಿಲ್ಲ. ಗಂಡ ಕರಿಸಿದ್ದಪ್ಪ ಕುರಿ ಹೊಡೆದುಕೊಂಡು ಹಂಪಸಾಗರದ ಹೊಳೆ ಕಡೆ ಹೋಗಿದ್ದ. ಕೊನೆಗೆ ಡಿಸೆಂಬರಿನ ಒಂದು ಇಳಿಹೊತ್ತು, ಮಲಗಿದ ಕೂಸಿನ ಅಂಗಿ ಬಿಚ್ಚುವಂತೆ ಒಂದೊಂದೇ ಎಲೆ ಬಿಡಿಸತೊಡಗಿದಳು. ಬಾಯಿಗೆ ತಾನಾಗಿ ಜೋಗುಳ ಬಂತು. ಬೋಳು ಕೊಂಬೆಗಳ ಆಚೆ ಗುಡ್ಡದ ಬಂಡೆಗಳೂ ಮಲಗಿದಂತೆ ಕಂಡವು. ಅಂದಿನಿಂದ ಹಿತ್ತಲಲ್ಲಿ ಕೊಡವನ್ನೂ ಸದ್ದಾಗದಂತೆ ಇಳಿಸುತ್ತಿದ್ದಳು. ಕಣ್ಣು ಮುಚ್ಚಿದರೆ ಎಂದೂ ನೋಡದ ಹಿಮದ ಬಿಳಿ ಬೆಟ್ಟ. ಅದರ ಮೇಲೆ ತಮ್ಮ ಕರಿ ಕುರಿಗಳು ಮೆಲ್ಲಗೆ ನಡೆಯುತ್ತಿದ್ದವು.

ಮರಳಿ ಬಂದ ಕರಿಸಿದ್ದಪ್ಪ ಗಾಬರಿಯಾದ. "ಗಿಡ ಸತ್ತೈತಲ್ಲೇ! ಕಡಿದು ಬೇಲಿಗಾದ್ರೂ ಹಾಕೂಣು."

"ಮಲಗೈತ್ರಿ. ಮೆಲ್ಲಕ ಮಾತಾಡ್ರಿ."

ಅವನು ನಕ್ಕ. ಆದರೂ ಹೆಗಲಿನ ಕೊಡಲಿ ಕೆಳಗಿಟ್ಟು, ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಹಿತ್ತಲು ದಾಟಿದ.

ಸಂಕ್ರಾಂತಿ ಕಳೆದು ಬಹಳ ದಿನವಾಗಿರಲಿಲ್ಲ. ಬೆಳಿಗ್ಗೆ ಅವನೇ ಕೂಗಿದ: "ಬಾರಲೇ, ನಿಮ್ಮಣ್ಣ ಎದ್ದಾನ!"

ಕೊಂಬೆಯ ತುದಿಯಲ್ಲಿ ನಸುಗೆಂಪು ಮೊಗ್ಗು. ವಾರದೊಳಗೆ ಬೋಳು ಗಿಡದ ತುಂಬ ಬಿಳಿ ಹೂ, ಜೇನ್ನೊಣಗಳ ಗುಂಯ್. ಅಂಜಿನಕ್ಕ ಕೆಲಸ ಮರೆತು ಅದರ ಕೆಳಗೆ ಕೂತಳು. ತಾನು ಎಚ್ಚರವಿದ್ದೇನೋ ಕನಸಿನಲ್ಲಿದ್ದೇನೋ ಅವಳಿಗೆ ತಿಳಿಯಲಿಲ್ಲ.

ಕಾಯಿ ನಿಂತದ್ದು ನಾಲ್ಕೇ. ಒಂದನ್ನು ಗಿಳಿ ಕುಕ್ಕಿತು, ಅದನ್ನು ಗಿಳಿಗೇ ಬಿಟ್ಟಳು. ಬೇಸಿಗೆಯ ಮಧ್ಯಾಹ್ನ ಒಂದನ್ನು ಕೊಯ್ದು ಗಂಡನಿಗೆ ಕೊಟ್ಟಳು. ಬಿಸಿಲಿಗೆ ಕಾದು ಬೆಚ್ಚಗಿತ್ತು. ಅವನು ಕಚ್ಚಿ ಕಣ್ಣು ಮುಚ್ಚಿದ.

"ಹೆಂಗೈತ್ರಿ?"

"ಸ್ವಲ್ಪ ಹುಳಿ ಐತಿ," ಎಂದ. ಬಹಳ ಹೊತ್ತು ಅಗಿದು, "ಒಳಗ ತಣ್ಣಗೈತಿ ನೋಡು," ಎಂದು ಉಳಿದರ್ಧವನ್ನು ಅವಳ ಕೈಗಿಟ್ಟ.