ಒಂದು ಬೆರಳಿನ ಸಂದು

ಅತ್ತೆ ಬರುವ ಶುಕ್ರವಾರಕ್ಕೆ ಇನ್ನು ಮೂರೇ ದಿನ. ಅಷ್ಟರೊಳಗೆ ಮನೆ ಬೆಚ್ಚಗಾಗದಿದ್ದರೆ ಇನ್ಸಾಫ್ ಅತ್ತೆ ಅಜ್ಜಿಯನ್ನು ತನ್ನೂರು ಅಕಾಬಾಗೆ ಕರೆದುಕೊಂಡು ಹೋಗುವವಳೇ. ಕಳೆದ ಚಳಿಗಾಲದಲ್ಲಿ ಅಮ್ಮಾನ್ ನಗರದ ಈ ಮನೆಗೆ ಬಂದಾಗ ಅವಳು ಕೋಟು ಬಿಚ್ಚದೆಯೇ ಚಹಾ ಕುಡಿದು, "ಇದು ಮನೆಯಾ, ಜರಡಿಯಾ? ಮುಂದಿನ ಸಲವೂ ಹೀಗೇ ಇದ್ರೆ ಅಮ್ಮನ್ನ ನನ್ನ ಜೊತೆ ಸಮುದ್ರದ ಹತ್ರ ಇಟ್ಕೋತೀನಿ" ಎಂದಿದ್ದಳು. ಅಪ್ಪ ಸುಮ್ಮನೆ ತಲೆಯಾಡಿಸಿದ್ದ.

ಅಜ್ಜಿ ಹೋದರೆ ಮೈಸೂನ್‌ಗೆ ಮಾತಾಡಲು ಇನ್ಯಾರೂ ಇರಲಿಲ್ಲ. ಬೇರೆಯವರ ಎದುರು ಅವಳ ಮಾತು ಗಂಟಲಲ್ಲೇ ಕುಳಿತುಬಿಡುತ್ತಿತ್ತು.

ಅಂಟಿನ ಸ್ಪಂಜು ಪಟ್ಟಿ ತಂದಳು. ಮೇಣದಬತ್ತಿ ಹಿಡಿದು ಕಿಟಕಿಯಿಂದ ಕಿಟಕಿಗೆ ನಡೆದಳು. ಜ್ವಾಲೆ ಬಾಗಿದಲ್ಲೆಲ್ಲ ಪಟ್ಟಿ.

"ಯಾರ ಹುಟ್ಟುಹಬ್ಬನೇ?" ಅಜ್ಜಿ ಉಫ್ ಎಂದು ಆರಿಸಿದಳು.

"ಅಜ್ಜೀ, ಗಾಳಿ ಎಲ್ಲಿಂದ ಬರುತ್ತೆ ಅಂತ ನೋಡ್ತಿದ್ದೆ."

"ನನ್ನ ಮಂಡೀನ ಕೇಳಿದ್ರೆ ಹೇಳ್ತಿರಲಿಲ್ವಾ?" ಎಂದು ಅಜ್ಜಿ ಕಿಟಕಿಯ ಮೇಲೆ, ಎಳೆದು ಮುಚ್ಚುವ ಶಟರ್ ಸುರುಳಿಯಾಗಿ ಅಡಗಿ ಕೂರುವ ಪೆಟ್ಟಿಗೆಯತ್ತ ಕೈ ತೋರಿಸಿದಳು.

ಮಂಡಿ ಹೇಳಿದ್ದು ನಿಜ. ಪೆಟ್ಟಿಗೆಯ ಅಂಚಿಗೆಲ್ಲ ಮೈಸೂನ್ ಹಳೆಯ ಹಾಸಿಗೆಯ ಉಣ್ಣೆ ತುರುಕಿದಳು. ಅಪ್ಪನ ಹಳೆ ಪ್ಯಾಂಟಿನ ಕಾಲಿಗೆ ಚಿಂದಿ ತುಂಬಿ ಬಾಗಿಲಡಿ ಒತ್ತಿದಳು. ಸಂಜೆ ಗ್ಯಾಸ್ ಹೀಟರ್ ಹಚ್ಚಿ, ಅದರ ಮೇಲೆ ಘಮಕ್ಕೆಂದು ಕಿತ್ತಳೆ ಸಿಪ್ಪೆ ಇಟ್ಟಾಗ ಕೋಣೆ ಹಿತವಾಗಿತ್ತು. ಚಹಾ ತರುವಷ್ಟರಲ್ಲಿ ಕತ್ತಿಗೆ ತಣ್ಣನೆ ಗಾಳಿ. ಮೂಲೆಯ ಕಿಟಕಿಯ ಪಟ್ಟಿ ಕಿತ್ತು ಅಜ್ಜಿ ಒಂದು ಬೆರಳಿನಷ್ಟು ತೆರೆದಿದ್ದಳು.

"ಯಾಕಜ್ಜೀ?"

"ಬೆಂಕಿಗೂ ಉಸಿರು ಬೇಕು ಕಣೇ. ಗ್ಯಾಸ್ ಉರಿಯೋ ಕೋಣೆನ ಪೂರ್ತಿ ಮುಚ್ಚಿದ್ರೆ ಮಲಗಿದೋರು ಏಳಲ್ಲ."

ಮೈಸೂನ್ ಮುಚ್ಚಿದಳು. ಬುಧವಾರ ಅಜ್ಜಿ ತೆರೆದಳು. ಮೈಸೂನ್ ಹೊಸ ಪಟ್ಟಿ ಹಚ್ಚಿದಳು. ಗುರುವಾರ ಅದೂ ಕಿತ್ತುಬಂತು. ಅಜ್ಜಿಯ ಚಪ್ಪಲಿಗೆ ಅಂಟಿಕೊಂಡು ಮನೆಯೆಲ್ಲ ಓಡಾಡಿತು.

"ನಿನಗೆ ಅಕಾಬಾಗೆ ಹೋಗೋ ಆಸೆನಾ?" ಮೈಸೂನ್ ಹಲ್ಲು ಕಚ್ಚಿ ಕೇಳಿದಳು.

"ಬದುಕಿದ್ರೆ ತಾನೇ ಇಲ್ಲಿರೋದು?"

ಆ ಸಂಜೆ ಅಜ್ಜಿ ಸ್ನಾನಕ್ಕೆ ಹೋದಾಗ ಮೈಸೂನ್ ಮತ್ತೆ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ತಲೆ ಭಾರವಾಗತೊಡಗಿತು. ಅಜ್ಜಿ ಬಂದು ಹೀಟರ್ ಆರಿಸಿ, ಕಿಟಕಿಯನ್ನು ಪೂರ್ತಿ ತೆರೆದಳು. ತಲೆ ಹಗುರಾಯಿತು. ಮೈಸೂನ್ ಅದನ್ನು ಒಪ್ಪಿಕೊಳ್ಳಲಿಲ್ಲ; ಆದರೆ ಆಮೇಲೆ ಆ ಮೂಲೆಗೆ ಪಟ್ಟಿ ಹಚ್ಚಲೂ ಇಲ್ಲ.

ಶುಕ್ರವಾರ ಅತ್ತೆ ಬಂದಳು. ಕೋಟಿನಲ್ಲೇ, ಗಾಳಿ ಪತ್ತೆಹಚ್ಚಲು ಬೆರಳನ್ನು ಎಂಜಲು ಮಾಡಿಕೊಂಡು ಸಂದುಗೊಂದಿಗಳ ತಪಾಸಣೆ ನಡೆಸಿದಳು. ಪೆಟ್ಟಿಗೆ ಸರಿ. ಬಾಗಿಲು ಸರಿ. ಮೂಲೆಯ ಕಿಟಕಿಯ ಬಳಿ ನಿಂತಳು.

"ಇದೇನಿದು? ಮತ್ತೆ ಅದೇ ಜರಡಿ."

ಅಜ್ಜಿ ತನ್ನ ಚಹಾದ ಲೋಟವನ್ನೇ ನೋಡುತ್ತಿದ್ದಳು. ಮೈಸೂನ್ ಕಿಟಕಿಗೂ ಅತ್ತೆಗೂ ನಡುವೆ ಬಂದು ನಿಂತಳು.

"ನಾನೇ ಬಿಟ್ಟಿದ್ದು, ಅತ್ತೆ. ಬೆಂಕಿಗೂ ಉಸಿರು ಬೇಕು. ಮಿಕ್ಕಿದ್ದೆಲ್ಲ ಮುಚ್ಚಿದ್ದೀನಿ. ಅಜ್ಜಿ ಇಲ್ಲೇ ಇರ್ತಾಳೆ."

ಅತ್ತೆ ತಮ್ಮನ ಕಡೆ ತಿರುಗಿದಳು. "ಇವಳಿಗೆ ಬಾಯಿ ಬಂದಿದ್ದು ಯಾವಾಗ?"

"ಈಗಷ್ಟೇ," ಎಂದ ಅಪ್ಪ.

ಅತ್ತೆ ಕೋಟಿನ ಗುಂಡಿ ಒಂದೊಂದೇ ಬಿಚ್ಚಿ, ಅದನ್ನು ಕುರ್ಚಿಯ ಬೆನ್ನಿಗೆ ಹಾಕಿದಳು. "ಸಾಕು, ಚಹಾ ಕೊಡಿ. ಸೆಕೆ ಆಗ್ತಿದೆ."

ಅಜ್ಜಿ ಮೊಮ್ಮಗಳ ಕಿವಿಯತ್ತ ಬಾಗಿದಳು. "ಎರಡು ಬೆರಳು ಬಿಟ್ಟಿದ್ರೂ ನಡೀತಿತ್ತು, ನೋಡು."

ಮೈಸೂನ್ ಬಗ್ಗಿ, ಅಜ್ಜಿಯ ಚಪ್ಪಲಿಗೆ ಇನ್ನೂ ಅಂಟಿಕೊಂಡಿದ್ದ ಸ್ಪಂಜು ಪಟ್ಟಿಯನ್ನು ಪರ್ರನೆ ಕಿತ್ತಳು.