ಒಂಬತ್ತನೇ ಹಾಸಿಗೆಗೆ ಹಸಿರು ದೀಪ

ಆ ಯಂತ್ರ ನಮ್ಮ ವಾರ್ಡಿಗೆ ಬಂದ ದಿನವೇ ನಾನು ಮೂಗು ಮುರಿದಿದ್ದೆ. ರೋಗಿಯ ಕೈಪಟ್ಟಿಯ ಬಾರ್‌ಕೋಡಿಗೆ ಹಿಡಿಯಬೇಕು, ಆಮೇಲೆ ಔಷಧಿಯದಕ್ಕೆ ಹಿಡಿಯಬೇಕು. ಎರಡೂ ತಾಳೆಯಾದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಒಬ್ಬರ ಔಷಧಿ ಇನ್ನೊಬ್ಬರಿಗೆ ಹೋಗದಿರಲಿ ಎಂದು ಯಾರೋ ಬುದ್ಧಿವಂತರು ಕಂಡುಹಿಡಿದದ್ದು. ಆ ಬುದ್ಧಿವಂತರು ಒಂದು ದಿನವೂ ರೋಗಿಯ ಮೈ ಒರೆಸಿರಲಿಕ್ಕಿಲ್ಲ. ನೀರು ತಾಗಿ ಪಟ್ಟಿ ಸುರುಟಿಕೊಂಡರೆ ಯಂತ್ರಕ್ಕೆ ಓದಲು ಬಾರದು. ಹೊದಿಕೆ ಸರಿಸಿ, ಕೈ ತಿರುಗಿಸಿ ಹತ್ತು ಸಲ ಹಿಡಿಯುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು.

ಅದಕ್ಕೆ ನಾನೊಂದು ಉಪಾಯ ಮಾಡಿದೆ. ಪ್ರತಿ ರೋಗಿಯ ಹೆಸರಿನಲ್ಲೂ ಇನ್ನೊಂದು ಕೈಪಟ್ಟಿ ಮುದ್ರಿಸಿ, ಹಾಸಿಗೆಯ ನಂಬರಿನ ಪ್ರಕಾರ ರಟ್ಟಿಗೆ ಅಂಟಿಸಿ ಔಷಧಿ ಟ್ರಾಲಿಗೆ ತೂಗುಹಾಕಿದೆ. ಮೂರನೇ ಹಾಸಿಗೆಗೆ ಹೋದರೆ ರಟ್ಟಿನ ಮೂರನೇ ಪಟ್ಟಿಗೆ ಹಿಡಿದರಾಯಿತು. ನನ್ನ ಜೊತೆಯ ನರ್ಸ್, ಓಡಾಟದ ರಭಸಕ್ಕೆ ನಾವೆಲ್ಲ ಎಕ್ಸ್‌ಪ್ರೆಸ್ ಎಂದು ಕರೆಯುವವಳು, "ನಿಮ್ ತಲೇನೇ ತಲೆ ಬಿಡಕ್ಕ" ಎಂದಳು. ನಾನೂ ಬೀಗಿದೆ.

ಆ ವಾರ ನನ್ನ ಚಿಕ್ಕಮ್ಮ ನಮ್ಮ ವಾರ್ಡಿನಲ್ಲೇ ಇದ್ದಳು. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು. ಪಿತ್ತಕೋಶದ ಕಲ್ಲು ತೆಗೆದು ಎರಡನೇ ದಿನ, ಬಾಯಿಗೆ ಇನ್ನೂ ಏನೂ ಕೊಟ್ಟಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ, "ಸೆಖೆ ಕಣೇ, ಆ ಕಿಟಕಿ ಪಕ್ಕ ಹಾಕು ನನ್ನ" ಎಂದಳು. ಕಿಟಕಿಯ ಪಕ್ಕ ಒಂಬತ್ತನೇ ಹಾಸಿಗೆಯಲ್ಲಿದ್ದ ಟೀಚರಮ್ಮನಿಗೋ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಇಬ್ಬರನ್ನೂ ನಾನೇ ಅದಲುಬದಲು ಮಾಡಿದೆ. ಕಂಪ್ಯೂಟರಿನಲ್ಲೂ ತಿದ್ದಿದೆ.

ಹನ್ನೆರಡಕ್ಕೆ ಮೂರನೇ ಮಹಡಿಯಲ್ಲಿ ಮೀಟಿಂಗು. ಆಡಳಿತಾಧಿಕಾರಿ ಗೋಡೆಯ ಮೇಲೆ ಚಿತ್ರ ಬಿಟ್ಟು, ಯಂತ್ರ ಹಿಡಿದು ಔಷಧಿ ಕೊಡುವುದರಲ್ಲಿ ನಮ್ಮ ವಾರ್ಡಿಗೆ ನೂರಕ್ಕೆ ನೂರು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೇಕೋ ಕುಳಿತಲ್ಲಿ ಕೂರಲಾಗಲಿಲ್ಲ. ಗ್ಯಾಸ್ ಆರಿಸಲು ಮರೆತು ಬಂದವಳ ಹಾಗೆ ಕಸಿವಿಸಿ. ನೀರು ಕುಡಿದೆ. ಗಡಿಯಾರ ನೋಡಿದೆ, ಹನ್ನೆರಡೂ ಇಪ್ಪತ್ತೈದು. ಹನ್ನೆರಡೂವರೆಗೆ ಊಟಕ್ಕೆ ಮುಂಚಿನ ಇನ್ಸುಲಿನ್. ವಾರ್ಡಿನಲ್ಲಿ ಅದು ಟೀಚರಮ್ಮನೊಬ್ಬರಿಗೇ.

ರಟ್ಟು! ರಟ್ಟಿನಲ್ಲಿ ಪಟ್ಟಿ ಬದಲಾಯಿಸಿರಲಿಲ್ಲ, ಎಕ್ಸ್‌ಪ್ರೆಸ್‌ಗೂ ಹೇಳಿರಲಿಲ್ಲ. ಒಂಬತ್ತನೇ ಪಟ್ಟಿ ಇನ್ನೂ ಟೀಚರಮ್ಮನದು, ಹಾಸಿಗೆಯಲ್ಲಿರುವುದು ಚಿಕ್ಕಮ್ಮ.

ವಾರ್ಡಿಗೆ ಫೋನು ಮಾಡಿದೆ, ಎಂಗೇಜ್. ಕುರ್ಚಿ ತಳ್ಳಿ ಎದ್ದೆ. "ಎಲ್ಲಿಗೆ ಸಿಸ್ಟರ್, ಬಹುಮಾನ ಇದೆ" ಎಂದರು ಯಾರೋ. ಲಿಫ್ಟು ಕೆಳಗೆಲ್ಲೋ ಇತ್ತು. ಮೆಟ್ಟಿಲಿಳಿದು ಓಡಿದೆ. ಎಕ್ಸ್‌ಪ್ರೆಸ್ ಇವತ್ತೊಂದು ದಿನ ತಡಮಾಡಲಿ ದೇವರೇ ಎಂದುಕೊಳ್ಳುತ್ತಲೇ ಓಡಿದೆ.

ಅವಳು ತಡಮಾಡಿರಲಿಲ್ಲ. ಚಿಕ್ಕಮ್ಮನ ತೋಳಿಗೆ ಹತ್ತಿ ಒತ್ತುತ್ತಿದ್ದಳು. ಪಕ್ಕದ ಟ್ರಾಲಿಯ ಮೇಲೆ ಹಸಿರು ದೀಪ.

"ಡಾಕ್ಟರನ್ನ ಕರಿ! ಟೀಚರಮ್ಮನ ಇನ್ಸುಲಿನ್ ಇವಳಿಗೆ ಹೋಗಿದೆ."

ಅವಳು ಯಂತ್ರ ಎತ್ತಿ ತೋರಿಸಿದಳು. "ಅಕ್ಕ, ಹಸಿರೇ ಬಂತು..."

ಆಮೇಲಿನ ಮೂರು ಗಂಟೆ ನಾನು ಒಂದು ಕಡೆ ನಿಲ್ಲಲಿಲ್ಲ. ಗಳಿಗೆಗೊಮ್ಮೆ ಬೆರಳು ಚುಚ್ಚಿ ಶುಗರ್ ನೋಡುವುದು, ಗ್ಲೂಕೋಸಿನ ಹನಿ ನೋಡುವುದು, ಮತ್ತೆ ಬೆರಳು. ನಲವತ್ತೆಂಟಕ್ಕೆ ಇಳಿಯಿತು. ಚಿಕ್ಕಮ್ಮ ಬೆವರಿ ತೊಯ್ದು, ಏನೇನೋ ತೊದಲಿದಳು. ಡಾಕ್ಟರು ಗ್ಲೂಕೋಸ್ ಏರಿಸುತ್ತಲೇ ಇದ್ದರು. ಅರವತ್ತಾಯಿತು, ಮತ್ತೆ ಜಾರಿತು, ಕೊನೆಗೆ ನೂರು ದಾಟಿತು.

ಆಡಳಿತಾಧಿಕಾರಿ ಕಂಪ್ಯೂಟರ್ ತೆಗೆದು ನೋಡಿದರು. "ಇದರ ಪ್ರಕಾರ ಎಲ್ಲ ಸರಿಯಾಗೇ ಇದೆಯಲ್ಲ? ಟೀಚರಮ್ಮನಿಗೆ ಇನ್ಸುಲಿನ್ ಕೊಟ್ಟಾಗಿದೆ."

ಸುಮ್ಮನಿದ್ದಿದ್ದರೆ ಯಂತ್ರ ಕೆಟ್ಟಿದೆ ಎಂದೋ, ಎಕ್ಸ್‌ಪ್ರೆಸ್ ತಲೆಗೆ ಕಟ್ಟಿಯೋ ಮುಗಿಸುತ್ತಿದ್ದರು. ಹಾಗೇ ಇದ್ದುಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ ಕೂಡ, ನೆನೆದರೆ ನಾಚಿಕೆಯಾಗುತ್ತದೆ. ಟ್ರಾಲಿಯಿಂದ ರಟ್ಟು ಬಿಚ್ಚಿ ಅವರ ಕೈಗಿಟ್ಟೆ. "ಇದು ನಾನು ಮಾಡಿದ್ದು ಸರ್. ಅವಳ ತಪ್ಪಿಲ್ಲ."

ಸಂಜೆ ಚಿಕ್ಕಮ್ಮ ಪೂರ್ತಿ ಕಣ್ಣು ಬಿಟ್ಟಳು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ. ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಸೂಜಿ ತಂದಾಗ ನಂಗ್ಯಾಕಮ್ಮ ಇದು ಅಂತ ಕೇಳೋಣ ಅನ್ಸಿತ್ತು ಕಣೇ," ಎಂದಳು. "ಆಮೇಲೆ, ನಮ್ಮ ಹುಡುಗಿ ವಾರ್ಡು, ಇಲ್ಲಿ ತಪ್ಪಾಗತ್ತಾ ಅಂದ್ಕೊಂಡು ಸುಮ್ನೆ ತೋಳು ಕೊಟ್ಟೆ."