ಫೋರ್ಕಿನ ಮೇಲಿನ ಹಳದಿ

ಪೆಟ್ರೋಲ್ ಬಟ್ಟೆಯಿಂದ ಒರೆಸಿದ ಕೂಡಲೇ ಸೈಕಲ್ಲಿನ ಮುಂದಿನ ಫೋರ್ಕಿನ ಕಪ್ಪೆಲ್ಲ ಬಟ್ಟೆಗೆ ಅಂಟಿಕೊಂಡು ಬಂತು. ಚೈತನ್ಯಾ ಮೂಸಿ ನೋಡಿದಳು. ಬಣ್ಣವಲ್ಲ, ಬೂಟ್ ಪಾಲಿಶ್! ಅದರಡಿ ಬೆರಳಗಲದ ತರಚು, ತರಚಿನೊಳಗೆ ಹಳದಿ. ವರದಹಳ್ಳಿ ರಸ್ತೆಯ ಮೋರಿಕಟ್ಟೆಗಳಿಗೆ ಬಳಿದಿರುವ ಅದೇ ಹಳದಿ.

ಕಳೆದ ವರ್ಷ ಸೈಕಲ್ ಕ್ಲಬ್ಬಿನ ಮುಂದಾಳು ಪೂರ್ಣೇಶ್ ಒಂದು ದಿನಕ್ಕೆಂದು ಇದನ್ನು ಒಯ್ದಿದ್ದ. ತೊಳೆದು, ಒರೆಸಿ, ಫಳಫಳ ಹೊಳೆಸಿ ವಾಪಸ್ಸು ತಂದಿದ್ದ. "ಹಿಂಗಿರ್ಬೇಕು ನೋಡು" ಎಂದು ಅಮ್ಮ ಕೆರಿಯಮ್ಮ ಮಗಳನ್ನೇ ಹಂಗಿಸಿ ಅವನಿಗೆ ಕಾಫಿ ಕೊಟ್ಟಿದ್ದಳು. ಮರುದಿನ ವರದಹಳ್ಳಿ ಇಳಿಜಾರಿನಲ್ಲಿ, ಹೊಂಡಕ್ಕೆ ತಗ್ಗಿ ಏಳಬೇಕಾದ ಫೋರ್ಕ್ ಅರ್ಧಕ್ಕೆ ಕಚ್ಚಿಕೊಂಡು ಚೈತನ್ಯಾ ಹಾರಿ ಬಿದ್ದಳು. ಮುರಿದ ಎಡ ಮಣಿಕಟ್ಟು ಕೂಡಿಕೊಂಡಿತೇನೋ ಸರಿ, ಪೂರ್ತಿ ಮಡಚಲಿಲ್ಲ. ತಾಲ್ಲೂಕು ತಂಡದ ವಾಲಿಬಾಲ್ ಅಲ್ಲಿಗೆ ಮುಗಿಯಿತು.

"ಮುಂದಿನ ಬ್ರೇಕ್ ಗಪ್ ಅಂತ ಹಿಡ್ದಿದಾಳೆ. ಸೈಕಲ್ ಹೊಡೆಯೋಕೆ ಬರಲ್ಲ ಅವ್ಳಿಗೆ" ಎಂದು ಪೂರ್ಣೇಶ್ ಊರಿಗೆಲ್ಲ ಹೇಳಿದ. ಅವಳು ಸುಬ್ಬಯ್ಯನ ಚಹಾದಂಗಡಿಯೆದುರು ನಿಲ್ಲಿಸಿ ಕೇಳಿದ್ದಕ್ಕೆ, "ದೇವಿ ಆಣೆ, ನಾ ಎಲ್ಲೂ ಗುದ್ದಿಲ್ಲ" ಎಂದ. ಊರು ನಂಬಿತು. ಅದಕ್ಕಿಂತ ಕೆಟ್ಟದ್ದೆಂದರೆ, ಅವಳೂ ನಂಬಿದಳು.

ಈಗ ಮೈಯೆಲ್ಲ ಉರಿಯಿತು. ತರಚನ್ನು ತೋರಿಸಿದರೆ ಅವನು, ನೀನೇ ಬಿದ್ದಾಗ ಆಗಿದ್ದು ಎಂದಾನು. ಅದಲ್ಲ ಆಗಬೇಕಾದದ್ದು. ಅದೇ ಅಂಗಡಿಯೆದುರು, ಅದೇ ಮಂದಿಯ ಕಣ್ಣೆದುರು, ಅವನ ಸುಳ್ಳು ಅವನಿಂದಲೇ ಹೊರಬೀಳಬೇಕು.

"ಈ ಹಳೇದಕ್ಕೆ ಬುಶ್ ಸಿಗಲ್ಲ ಮಾರಾಯ್ತಿ, ಗುಜರಿಗೆ ಹಾಕು" ಎಂದು ಸೈಕಲ್ ಶಾಪಿನವನು ಕೈಯಲ್ಲಾಡಿಸಿಬಿಟ್ಟಿದ್ದ. ಅವಳೇ ಹಿತ್ತಿಲಲ್ಲಿ ಕೂತು ಅಡಿಯ ಬೋಲ್ಟುಗಳನ್ನು ಬಿಚ್ಚಿ ಫೋರ್ಕಿನ ಕೊಳವೆಗಳನ್ನು ಎಳೆದಳು. ಒಂದರೊಳಗೊಂದು ಜಾರುವ ಆ ಕೊಳವೆಗಳ ನಡುವೆ ಕೂರುವ ಪ್ಲಾಸ್ಟಿಕ್ ಬಳೆಯೇ ಬುಶ್. ಒಂದು ಕಡೆಯದು ಸವೆದಿತ್ತು, ತರಚಿದ್ದ ಕಡೆಯದು ಎರಡು ಹೋಳಾಗಿತ್ತು. ನಲ್ಲಿ ಪೈಪಿನ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಹೊಸ ಬುಶ್ ಮಾಡಿದಳು. ಆದರೂ ಕೂದಲೆಳೆಯಷ್ಟು ಸಡಿಲ. ತುಂಬಲು ತೆಳುವಾದ, ಗಟ್ಟಿಯಾದ ಹಾಳೆ ಬೇಕಿತ್ತು. ಒಳಗೆ ಹೋಗಿ ಆಸ್ಪತ್ರೆಯ ದೊಡ್ಡ ಕವರು ತಂದು ಅದರೊಳಗಿನ ಹಾಳೆಗೆ ಕತ್ತರಿ ಹಾಕಿದಳು.

"ಅಯ್ಯೋ, ನಿನ್ ಕೈಯಿನ ಎಕ್ಸ್‌ರೇ ಅಲ್ದೇನೆ ಅದು?" ಕೆರಿಯಮ್ಮ ಬಾಗಿಲಿನಿಂದಲೇ ಕೂಗಿದಳು.

"ಮುರ್ದಿದ್ದು ಗೊತ್ತಾಯ್ತಲ್ಲ ಅಮ್ಮ. ಇನ್ನೆಂತಕ್ಕೆ ಪಟ ಇಟ್ಕೊಳ್ಳೋದು?"

ಮಣಿಕಟ್ಟಿನ ಮೂಳೆಗಳ ಪಟ್ಟಿಯನ್ನು ಬುಶ್ಶಿನ ಹಿಂದೆ ಸುತ್ತಿ, ಗ್ರೀಸ್ ಹಚ್ಚಿ ಕೂರಿಸಿ ಒತ್ತಿದಳು. ಫೋರ್ಕ್ ಸದ್ದಿಲ್ಲದೆ ತಗ್ಗಿ ಸದ್ದಿಲ್ಲದೆ ಎದ್ದಿತು. ಆಮೇಲೆ ಹಲಸಿನಮರದ ಬಳಿ ಹೋಗಿ, ಕದಿಯುವವರು ಹೆದರಲೆಂದು ಅಮ್ಮ ಹೊಡೆಸಿದ್ದ ತಗಡಿನ ಬೋರ್ಡನ್ನು ಕಿತ್ತುತಂದಳು. 'ಇಲ್ಲಿ ದೇವಿಯ ಕಾವಲಿದೆ.' ಯಾವ ಮರವನ್ನೂ ಬಿಡದ ಕೇರಿಯ ಪೋಕರಿಗಳು ಈ ಮರದ ಕಡೆ ಮಾತ್ರ ತಲೆಹಾಕುತ್ತಿರಲಿಲ್ಲ.

"ನಿಮ್ ಜಗಳಕ್ಕೆ ದೇವೀನ ಎಳೀಬ್ಯಾಡ ಕಣೆ."

"ಎಳ್ದಿದ್ದು ನಾನಲ್ಲ. ಆಣೆ ಹಾಕ್ದೋನು."

ಭಾನುವಾರ ಬೆಳಿಗ್ಗೆ ಕ್ಲಬ್ಬಿನವರೆಲ್ಲ ಇಳಿಜಾರಿನ ಮೇಲ್ತುದಿಯಲ್ಲಿರುವ ಸುಬ್ಬಯ್ಯನ ಅಂಗಡಿಯೆದುರು ಸೇರಿದ್ದರು. ಪೂರ್ಣೇಶ್ ಹೊಸ ಸೈಕಲ್ಲಿಗೆ ಒರಗಿ ಚಹಾ ಕುಡಿಯುತ್ತಿದ್ದ. ಬೂಟು ಎಂದಿನಂತೆ ಮಿರಿಮಿರಿ.

"ಓಹೋ, ಮತ್ತೆ ಬ್ರೇಕ್ ಹಿಡಿಯೋಕೆ ಬಂದ್ಯಾ?"

ಎಲ್ಲರೂ ನಕ್ಕರು. ಚೈತನ್ಯಾಳೂ ನಕ್ಕಳು. "ಫೋರ್ಕ್ ನಾನೇ ರಿಪೇರಿ ಮಾಡ್ದೆ. ಸರಿ ಆಗ್ಯದಾ ನೋಡು, ಒಂದು ಸಲ ಒತ್ತು. ನಿಂಗೆ ಈ ಸೈಕಲ್ ಗೊತ್ತಲ್ಲ."

ಅವನು ಠೀವಿಯಿಂದ ಕೈಚಾಚಿದ. ಹ್ಯಾಂಡಲಿನ ನಡುವೆ ತಂತಿಯಲ್ಲಿ ಬಿಗಿದ ಬೋರ್ಡು ಆಗ ಕಣ್ಣಿಗೆ ಬಿತ್ತು. ಕೈ ಅರ್ಧಕ್ಕೇ ನಿಂತಿತು.

"ಎಂತಾಯ್ತು? ಗುದ್ದಿಲ್ಲ ಅಂತ ಇಲ್ಲೇ ಆಣೆ ಹಾಕಿದ್ಯಲ್ಲ. ಮುಟ್ಟು."

"ಇದೆಲ್ಲ... ದೇವ್ರ ವಿಷ್ಯದಲ್ಲಿ ತಮಾಷೆ ಮಾಡಬಾರ್ದು."

"ಮುಟ್ಟೋ ಮಾರಾಯಾ, ಸೈಕಲ್ ತಾನೆ" ಎಂದು ಸುಬ್ಬಯ್ಯ ತಾನೇ ಬಂದು ಹ್ಯಾಂಡಲ್ ಹಿಡಿದು ಎರಡು ಸಲ ಒತ್ತಿದ. ಆಮೇಲೆ ಇನ್ನೊಬ್ಬ ಒತ್ತಿದ. ಮತ್ತೊಬ್ಬಳು ಬಂದು ಒತ್ತಿ, ಪೂರ್ಣೇಶನ ಮುಖ ನೋಡಿದಳು. ಉಳಿದವನು ಅವನೊಬ್ಬನೇ. ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಯಾರೂ ನಗುತ್ತಿರಲಿಲ್ಲ.

ಚೈತನ್ಯಾಳ ಎದೆಯಲ್ಲಿ ತಣ್ಣಗೆ ಒಂದು ಖುಷಿ ಎದ್ದಿತು. ಅವನ ಬಗ್ಗೆ ಕನಿಕರ ಬರಲಿಲ್ಲ, ಬರದಿದ್ದುದಕ್ಕೆ ಬೇಜಾರೂ ಆಗಲಿಲ್ಲ. ಸೈಕಲ್ ಹತ್ತಿ ಇಳಿಜಾರಿಗೆ ಬಿಟ್ಟಳು. ಹೊಂಡಗಳ ಮೇಲೆ ತಗಡು ಗಲಗಲ ಅಂದಿತು, ಫೋರ್ಕ್ ಟಕ್ಕೆನ್ನಲಿಲ್ಲ.

ಹಳದಿ ಮೋರಿಕಟ್ಟೆಯ ಬಳಿ ನಿಂತು ಹಿಂತಿರುಗಿ ನೋಡಿದಳು. ಮೇಲೆ ಮಂದಿ ಅಂಗಡಿಯ ಒಂದು ಬದಿಗೆ ಸರಿದಿದ್ದರು. ಇನ್ನೊಂದು ಬದಿಯಲ್ಲಿ ಪೂರ್ಣೇಶ್ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬನೇ ನಿಂತಿದ್ದ.